ಹಳದಿ ಫ್ರಾಕಿನ ಮೇಣ

ಮಸ್ಕತ್ತಿನ ಮಬೇಲಾದ ಒಳರಸ್ತೆಯಲ್ಲಿ, ಪಂಚರ್ ಅಂಗಡಿಗೂ ಗ್ಯಾಸ್ ಸಿಲಿಂಡರಿನ ಅಂಗಡಿಗೂ ನಡುವೆ, ತೊಂಬತ್ತರ ದಶಕದಲ್ಲಿ ಕಾರ್ಮಿನ್ ಬಾಯಿಯ ಹೊಲಿಗೆ ಅಂಗಡಿ ಇತ್ತು. ಹೊಸ ಬಟ್ಟೆ ಹೊಲಿಸಲು ಹೋದವರನ್ನು ಆಕೆ ಬಾಗಿಲಲ್ಲೇ ಬೈದು ಅಟ್ಟುತ್ತಿದ್ದಳು. ಹರಿದದ್ದು, ತೂತು ಬಿದ್ದದ್ದು, ಬಣ್ಣ ಹೋದದ್ದು ತಂದವರಿಗೆ ಮಾತ್ರ ಕುರ್ಚಿ. ಅದರಲ್ಲೂ ಹೆಂಡತಿಗೆ ಗೊತ್ತಾಗದ ಹಾಗೆ ತನ್ನ ಹಳೆಯ ಅಂಗಿಯನ್ನು ತಂದ ಗಂಡಸಿಗೆ ಒಂದು ಕಪ್ ಚಹಾ ಕೂಡ ಸಿಗುತ್ತಿತ್ತು. ಆಕೆಯ ಹತ್ತೂ ಉಗುರು ನೀಲಿ. ಯಾಕೆ ಎಂದು ಕೇಳಿದರೆ, "ನಿಮಗೆ ಅಂಗಿ ಬೇಕಾ, ನನ್ನ ಜಾತಕ ಬೇಕಾ?" ಎನ್ನುತ್ತಿದ್ದಳು.

ಇದೇ ಕಾರ್ಮಿನ್ ಅದಕ್ಕೆ ಹತ್ತು ವರ್ಷ ಮುಂಚೆ ಅದೇ ಮಸ್ಕತ್ತಿನ ವಾದಿ ಕಬೀರಿನಲ್ಲಿದ್ದಾಗ ಹಳೆ ಬಟ್ಟೆ ಕಂಡರೆ ಉರಿದುಬೀಳುತ್ತಿದ್ದಳು ಎಂದರೆ ಮಬೇಲಾದವರು ನಂಬುತ್ತಿರಲಿಲ್ಲ. ಗಂಡ ವಾಲ್ಟರ್ ಕಂಪನಿಯ ಬಸ್ಸಿನ ಡ್ರೈವರ್. ಅವನ ಬನಿಯನಿನಲ್ಲಿ ಸಣ್ಣದೊಂದು ತೂತು ಕಂಡರೂ ಸಾಕು, ಕತ್ತರಿ ತೆಗೆದುಕೊಂಡು ಅದನ್ನು ಚಿಂದಿ ಮಾಡಿ ಕಸದ ಡಬ್ಬಕ್ಕೆ ಹಾಕುತ್ತಿದ್ದಳು. ಊರಿಗೆ ಹೋಗುವಾಗ ಉಳಿದವರು ತಮ್ಮ ಹಳೆಯ ಸೀರೆ, ಪ್ಯಾಂಟುಗಳನ್ನು ಗಂಟು ಕಟ್ಟಿ ಬಡ ನೆಂಟರಿಗೆ ಒಯ್ಯುತ್ತಿದ್ದರು. ಕಾರ್ಮಿನ್ ಒಯ್ಯುತ್ತಿದ್ದುದು ಥಾನಿನಿಂದ ಕತ್ತರಿಸಿದ ಹೊಸ ಬಟ್ಟೆ ಮಾತ್ರ. "ಇನ್ನೊಬ್ಬರ ಬೆವರು ನಮ್ಮವರ ಮೈಗೆ ಬೇಡ," ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಆಕೆಗೆ ಈ ರೋಷ ಬಂದದ್ದು ಒಂದು ಹಳದಿ ಫ್ರಾಕಿನಿಂದ.

ಊರಿನಲ್ಲಿ, ಶಿರ್ವದ ಹತ್ತಿರ, ಕಾರ್ಮಿನಳ ಅಪ್ಪ ಪಾಸ್ಕಲ್, ಧಣಿಗಳ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಆ ಧಣಿಗಳ ಒಬ್ಬಳೇ ಮಗಳು ಎಸ್ತರ್, ಕಾರ್ಮಿನಳಿಗಿಂತ ಮೂರು ವರ್ಷ ದೊಡ್ಡವಳು. ಎಸ್ತರ್ ಬೆಳೆದ ಹಾಗೆಲ್ಲ ಅವಳ ಬಟ್ಟೆಗಳು ಗಿಡ್ಡವಾಗಿ ಪಾಸ್ಕಲನ ಮನೆಗೆ ಇಳಿದು ಬರುತ್ತಿದ್ದವು. ಸಾವಿರದ ಒಂಬೈನೂರ ಐವತ್ತನಾಲ್ಕರ ಮೇ ಕೊನೆಯಲ್ಲಿ, ಸಂತ ಅಂತೋನಿಯವರ ಹಬ್ಬಕ್ಕೆ ಹದಿನೈದು ದಿನ ಇದೆ ಎನ್ನುವಾಗ, ಬಿಳಿ ಕಾಲರಿನ ಒಂದು ಹಳದಿ ಫ್ರಾಕು ಬಂತು. ಬೊಂಬಾಯಿಯಿಂದ ತರಿಸಿದ ಬಟ್ಟೆ. ತಾಯಿ ಆಲ್ಬಿನಾ ಅದರ ಅಂಚನ್ನು ನಾಲ್ಕು ಬೆರಳಷ್ಟು ಮಡಚಿ ಹೊಲಿದು ಒಂಬತ್ತು ವರ್ಷದ ಕಾರ್ಮಿನಳ ಅಳತೆಗೆ ತಂದಳು. ಹುಡುಗಿ ಹಬ್ಬದ ದಿನ ಅದನ್ನು ಹಾಕಿಕೊಂಡು, ರಾಣಿಯ ಹಾಗೆ ಬೀಗುತ್ತ, ಚರ್ಚಿಗೆ ನಡೆದಳು.

ದಾರಿಯಲ್ಲಿ ಮಳೆ ಹೊಡೆಯಿತು. ಚರ್ಚಿನ ಅಂಗಳಕ್ಕೆ ಬರುವಷ್ಟರಲ್ಲಿ ಫ್ರಾಕು ಒದ್ದೆಯಾಗಿ ಬಣ್ಣ ಗಾಢವಾಗಿತ್ತು. ಆದರೆ ಲಂಗದ ಕೆಳಭಾಗದಲ್ಲಿ ಒಂದು ಕಡೆ ನೀರು ಹಿಡಿಯದೆ ಮಾಸಲು ಪಟ್ಟೆ ಎದ್ದು ಕಂಡಿತು. ಹಲಸಿನ ಹಣ್ಣಿನ ಮೇಣ. ಎಣ್ಣೆ ಹಚ್ಚಿ ಉಜ್ಜಿದರೂ ಬಟ್ಟೆಯಿಂದ ಪೂರ್ತಿ ಬಿಡದ ಜಾತಿ ಅದು.

"ಅಮ್ಮಾ, ನೋಡು! ನನ್ನ ಫ್ರಾಕಿಗೆ ಮೇಣ ಮೆತ್ತಿದ್ದಾಳೆ!" ಎಂದು ಎಸ್ತರ್ ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದಳು.

ಧಣಿಗಳ ಹೆಂಡತಿ ಬಂದು ನೋಡಿ, ಒಳ್ಳೆಯ ಬಟ್ಟೆ ಕೊಟ್ಟರೆ ಈ ಜನ ಇಡುವ ಗತಿ ಇದು ಎಂದಳು. "ನಾನಲ್ಲ, ಅದು ಬರುವಾಗಲೇ ಇತ್ತು," ಎಂದಳು ಕಾರ್ಮಿನ್. ಆ ಮಾತು ಮುಗಿಯುವ ಮುಂಚೆ ಆಲ್ಬಿನಾ ಕೊಡೆಯ ಹಿಡಿಯಿಂದ ಮಗಳ ಬೆನ್ನಿಗೆ ಬಾರಿಸಿದಳು. ಒಂದಲ್ಲ, ಎರಡಲ್ಲ. ಪಾದ್ರಿಗಳು ಬಂದು ಕೈ ಹಿಡಿಯುವವರೆಗೂ ಹೊಡೆದಳು. ಅವತ್ತಿನಿಂದ ಶಾಲೆಯಲ್ಲಿ ಕಾರ್ಮಿನಳ ಹೆಸರು ಮೇಣ. ಮೇಣ ಬಂದಳು, ಮೇಣ ಹೋದಳು. ಮದುವೆಯಾಗಿ ಊರು ಬಿಡುವವರೆಗೂ ಅದು ಹೋಗಲಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಎಸ್ತರಳಿಗೆ ಅನ್ಯಾಯವಾಗುತ್ತದೆ. ಎಪ್ಪತ್ತರ ದಶಕದಲ್ಲಿ ಉಳುವವನಿಗೆ ಭೂಮಿ ಎಂಬ ಕಾನೂನು ಬಂದಾಗ ಪಾಸ್ಕಲ್ ಉಳುವವನು ತಾನೇ ಎಂದು ಡಿಕ್ಲರೇಶನ್ ಕೊಟ್ಟ. ಗದ್ದೆ ಅವನದ್ದಾಯಿತು. ಧಣಿಗಳು ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದು ಸತ್ತರು. ಹಾಗಾಗಿ ಎಸ್ತರಳ ಹೊಟ್ಟೆಯಲ್ಲೂ ಬೆಂಕಿ ಇತ್ತು, ಕಾರ್ಮಿನಳ ಹೊಟ್ಟೆಯಲ್ಲೂ ಇತ್ತು. ಇಂಥ ಇಬ್ಬರು ಭೂಮಿಯ ಎರಡು ತುದಿಗಳಲ್ಲಿ ಇರಬೇಕಾಗಿತ್ತು. ಆದರೆ ಕಾರ್ಮಿನ್ ಎಂಬತ್ತಮೂರರಲ್ಲಿ ಮಸ್ಕತ್ತಿಗೆ ಬಂದು ವಾದಿ ಕಬೀರಿನ ಒಂದು ಮೂರಂತಸ್ತಿನ ಕಟ್ಟಡದ ತಾರಸಿಯ ಕೋಣೆಗೆ ಸಾಮಾನು ಏರಿಸುವಾಗ, ಎರಡನೇ ಮಾಳಿಗೆಯ ಬಾಗಿಲು ತೆರೆದು ಯಾರು ಇಣುಕಿದ್ದು? ಎಸ್ತರ್. ಅವಳ ಗಂಡ ಸ್ಟ್ಯಾನ್ಲಿ ಯಾವುದೋ ಆಫೀಸಿನಲ್ಲಿ ಟೈಪಿಸ್ಟ್. "ಓ, ಮೇಣ! ನೀನು ಇಲ್ಲಿಗೂ ಬಂದೆಯಾ?" ಎಂದಳು. ಎಂಟು ವರ್ಷ ಆ ಇಬ್ಬರೂ ಒಂದೇ ಮೆಟ್ಟಿಲು ಹತ್ತಿ ಇಳಿದರು.

ಕಾರ್ಮಿನಳ ಟ್ರಂಕಿನ ತಳದಲ್ಲಿ ಆ ಫ್ರಾಕು ಇತ್ತು. ಎಪ್ಪತ್ತೊಂಬತ್ತರಲ್ಲಿ ಆಲ್ಬಿನಾ ತೀರಿಕೊಂಡಾಗ ಅವಳ ಪೆಟ್ಟಿಗೆಯಲ್ಲಿ, ಮದುವೆಯ ಕೆಂಪು ಸಾಡೊ ಸೀರೆಯ ಅಡಿಯಲ್ಲಿ, ಕಾಗದ ಸುತ್ತಿ ಇಟ್ಟದ್ದು ಸಿಕ್ಕಿತ್ತು. ಅಮ್ಮ ಯಾಕೆ ಇದನ್ನು ಇಟ್ಟುಕೊಂಡಳು ಎಂದು ಕಾರ್ಮಿನ್ ಯೋಚಿಸಲಿಲ್ಲ. ತಾನು ಕಲೆ ಮಾಡಿರಲಿಲ್ಲ ಎಂಬುದಕ್ಕೆ ಎಂದಾದರೂ ಸಾಕ್ಷಿಯಾಗಬಹುದು ಎಂದು ಎತ್ತಿಟ್ಟುಕೊಂಡಳು. ಬಿಡಿಸಿ ನೋಡುವುದಿರಲಿ, ಮುಟ್ಟಲೂ ಆಕೆಗೆ ಅಸಹ್ಯ.

ವಾದಿ ಕಬೀರಿನ ಒಂದು ಲಾಂಡ್ರಿಯಲ್ಲಿ ಕಾರ್ಮಿನಳಿಗೆ ರಿಪೇರಿ ಕೆಲಸ. ಕಿತ್ತುಹೋದ ಗುಂಡಿ, ಬಿಚ್ಚಿದ ಹೊಲಿಗೆ, ಜಿಪ್ಪು. ಎಂಬತ್ತೇಳರ ಜನವರಿಯಲ್ಲಿ ಒಬ್ಬ ಜಪಾನೀ ಹೆಂಗಸು ಅಲ್ಲಿಗೆ ಬಂದು ಒಂದು ಗಂಟು ಬಿಚ್ಚಿದಳು. ಹೆಸರು ಮಿಸೆಸ್ ಕುರಾತಾ, ಗಂಡ ಎಣ್ಣೆ ಕಂಪನಿಯ ಎಂಜಿನಿಯರ್, ಕುರುಮ್‌ನಲ್ಲಿ ತೋಟವಿರುವ ಬಂಗಲೆ. ಗಂಟಿನಿಂದ ಹೊರಬಂದದ್ದು ಒಂದು ಗಿಡ್ಡ ಕೋಟು. ಅದರಲ್ಲಿ ಕೋಟು ಎಷ್ಟು, ತೇಪೆ ಎಷ್ಟು ಎಂದು ಹೇಳಲು ಬರುತ್ತಿರಲಿಲ್ಲ. ನೀಲಿಯ ಮೇಲೆ ನೀಲಿ, ಅದರ ಮೇಲೆ ಇನ್ನೊಂದು ನೀಲಿ, ಕೆಲವು ಕಡೆ ಐದು ಪದರ. ಮೊಣಕೈ ಹತ್ತಿರ ಒಂದು ಹೊಲಿಗೆ ಬಿಟ್ಟಿತ್ತು. ಅದನ್ನಷ್ಟೇ ಸರಿಮಾಡಬೇಕಾಗಿತ್ತು.

ಕಾರ್ಮಿನ್ ಆ ಕೋಟನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು. ಆಕೆಗೆ ಮೈಯೆಲ್ಲ ಉರಿಯಿತು. ಬಂಗಲೆಯವರು ಭಿಕ್ಷುಕರ ಬಟ್ಟೆ ತಂದು ಯಾರನ್ನು ಅಣಕಿಸುತ್ತಾರೆ? ಬಡತನವೂ ಇವರಿಗೆ ಶೋಕಿಯೇ? ಕೋಪದ ಜೊತೆ ಕರುಣೆಯೂ ಸೇರಿತು, ಅದು ಇನ್ನೂ ಅಪಾಯ. ಕತ್ತರಿ ಹಿಡಿದು ಎರಡು ಮೊಣಕೈಗಳ ತೇಪೆಗಳನ್ನೂ ಬೆನ್ನಿನ ದೊಡ್ಡ ತೇಪೆಯನ್ನೂ ಪದರ ಪದರವಾಗಿ ಕಿತ್ತು, ಕಸಕ್ಕೆ ಎಸೆದು, ಆ ಜಾಗದಲ್ಲಿ ಅಚ್ಚ ಹೊಸ ನೀಲಿ ಪಾಪ್ಲಿನ್ ತುಂಡುಗಳನ್ನು ಅಳತೆ ತಪ್ಪದೆ ಹೊಲಿದು ಇಸ್ತ್ರಿ ಹಾಕಿಟ್ಟಳು. ನಮ್ಮ ಕಡೆಯ ಯಾವ ಹೆಂಗಸಾದರೂ ಹಾಗೇ ಮಾಡುತ್ತಿದ್ದಳು, ಮಾಡಿ ಹೆಮ್ಮೆಯನ್ನೂ ಪಡುತ್ತಿದ್ದಳು.

ಮಿಸೆಸ್ ಕುರಾತಾ ಬಂದು ಕೋಟು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. "ಓಲ್ಡ್ ಪೀಸ್. ವೇರ್?" ಎಂದಳು.

"ಡಸ್ಟ್‌ಬಿನ್, ಮೇಡಂ. ಆಲ್ ಡರ್ಟಿ. ನೌ ನ್ಯೂ."

ಆ ಹೆಂಗಸು ಲಾಂಡ್ರಿಯ ಹಿಂದಕ್ಕೆ ಹೋಗಿ, ರೇಷ್ಮೆ ಬ್ಲೌಸಿನ ತೋಳು ಮಡಚಿ, ಕಸದ ಡಬ್ಬಕ್ಕೆ ಕೈ ಹಾಕಿದಳು. ಚಹಾದ ಚರಟ, ಮೊಟ್ಟೆಯ ಸಿಪ್ಪೆ, ನೂಲಿನ ಗೊಂಚಲುಗಳ ಒಳಗಿನಿಂದ ಒಂದೊಂದೇ ಚಿಂದಿ ಆರಿಸಿದಳು. ಕಣ್ಣಲ್ಲಿ ನೀರು. ಮ್ಯಾನೇಜರ್ ಓಡಿಬಂದು ಕಾರ್ಮಿನಳಿಗೆ ಬಾಯಿಗೆ ಬಂದ ಹಾಗೆ ಬೈದ. ವೀಸಾ ಕೊಟ್ಟ ಕಫೀಲ್‌ಗೆ ಹೇಳಿ ಅದನ್ನು ಕ್ಯಾನ್ಸಲ್ ಮಾಡಿಸುತ್ತೇನೆ, ಖಲಾಸ್, ಊರಿಗೆ ಹೋಗು ಎಂದ. ಆಗ ಮಿಸೆಸ್ ಕುರಾತಾ ಕೈ ಒರೆಸಿಕೊಂಡು, ಬೇಡ, ಇವಳು ಪ್ರತಿ ಶುಕ್ರವಾರ ನನ್ನ ಮನೆಗೆ ಬಂದು ತಾನು ಕಿತ್ತದ್ದನ್ನೆಲ್ಲ ತಾನೇ ವಾಪಸು ಹೊಲಿಯಲಿ ಎಂದಳು.

"ರಜೆಯ ದಿನವೂ ಜೈಲು," ಎಂದು ಕಾರ್ಮಿನ್ ಮನೆಗೆ ಬಂದು ವಾಲ್ಟರನ ಮೇಲೆ ಹರಿಹಾಯ್ದಳು.

ಮೊದಲ ಮೂರು ಶುಕ್ರವಾರ ಆಕೆ ಹಲ್ಲು ಕಚ್ಚಿಕೊಂಡೇ ಹೊಲಿದಳು. ಅಂಗೈ ಅಗಲದ ಜಾಗಕ್ಕೆ ಒಂದು ಗಂಟೆ. ಹೊಲಿಗೆ ಸ್ವಲ್ಪ ನೇರವಾಗಿ ಅಂದವಾಗಿ ಬಂದರೆ ಮಿಸೆಸ್ ಕುರಾತಾ ತಲೆಯಾಡಿಸಿ ಬಿಚ್ಚಿಸುತ್ತಿದ್ದಳು. ಮೊದಲಿನವರು ಹೇಗೆ ಹೊಲಿದಿದ್ದರೋ ಹಾಗೇ ಬರಬೇಕು, ಸೂಜಿಯ ಹಳೆಯ ತೂತಿನಲ್ಲೇ ಸೂಜಿ ಇಳಿಯಬೇಕು. ಹಳೆಯ ತೂತು ಹುಡುಕುತ್ತ ಹುಡುಕುತ್ತ ಕಾರ್ಮಿನಳಿಗೆ ಬೇಡಬೇಡವೆಂದರೂ ಆ ಹೊಲಿದವರ ಪರಿಚಯವಾಗತೊಡಗಿತು. ಒಬ್ಬಳು ಎಡಗೈಯವಳು. ಇನ್ನೊಬ್ಬಳಿಗೆ ಕಣ್ಣು ಮಂದ, ಗಂಟುಗಳು ದಪ್ಪ. ಮತ್ತೊಬ್ಬಳು ಅವಸರದವಳು, ಹೊಲಿಗೆಯ ಕಡೆಯಲ್ಲಿ ನೂಲನ್ನು ಹಲ್ಲಿನಿಂದ ಕಚ್ಚಿ ತುಂಡುಮಾಡಿದ್ದಳು.

"ಇದು ಅಜ್ಜಿ," ಎಂದು ಮಿಸೆಸ್ ಕುರಾತಾ ತನ್ನ ಮುರುಕು ಇಂಗ್ಲಿಷಿನಲ್ಲಿ ತೋರಿಸಿದಳು. "ಇದು ಅಜ್ಜಿಯ ತಾಯಿ. ಇದು ಚಿಂದಿ ಮಾರುವವನಿಂದ ಕೊಂಡದ್ದು."

"ನಿಮ್ಮ ಅಜ್ಜಿಗೆ ನಾಚಿಕೆ ಆಗಲಿಲ್ಲವಾ?" ಕಾರ್ಮಿನ್ ನೇರವಾಗಿ ಕೇಳಿದಳು.

"ಆಯಿತು. ತುಂಬ ನಾಚಿಕೆ. ಅಜ್ಜಿ ಅಡಗಿಸಿ ಇಟ್ಟಳು. ನನ್ನ ತಾಯಿ ಸುಡಲು ಹೊರಟಳು. ನಾನು ಕದ್ದೆ."

ಈ ಉತ್ತರ ಕಾರ್ಮಿನಳಿಗೆ ಹಿಡಿಸಿತು. ಬಡತನ ಚೆಂದ ಎಂದು ಆ ಹೆಂಗಸು ಹೇಳಿದ್ದರೆ ಆಕೆ ಅವತ್ತೇ ಸೂಜಿ ಬಿಸಾಡಿ ಎದ್ದುಬರುತ್ತಿದ್ದಳು.

ಹಳೆಯ ಹೊಲಿಗೆಗೆ ಒಪ್ಪುವ ನೀಲಿ ನೂಲು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅದಕ್ಕಾಗಿ ಮಿಸೆಸ್ ಕುರಾತಾ ಬಂಗಲೆಯ ಹಿಂದೆ, ನೆರಳಿನಲ್ಲಿ, ಒಂದು ಎತ್ತರದ ಹಂಡೆ ಇಟ್ಟಿದ್ದಳು. ಜಪಾನಿನಿಂದ ಗೋಣಿಯಲ್ಲಿ ತರಿಸಿದ, ನೂರು ದಿನ ಕೊಳೆಸಿ ಒಣಗಿಸಿದ ನೀಲಿ ಗಿಡದ ಎಲೆ. ಮತ್ರಾ ಪೇಟೆಯ ರೊಟ್ಟಿ ಒಲೆಗಳಿಂದ ತಂದ ಬೂದಿಯ ತಿಳಿನೀರು. ಗೋಧಿ ತವುಡಿನ ಗಂಜಿ, ಸುಣ್ಣ. ಇವನ್ನು ಕಲಸಿ, ಮುಚ್ಚಿ, ದಿನಾ ಒಮ್ಮೆ ಕದಡಿ, ಹುಳಿ ಬರಲು ಕಾಯಬೇಕು. ಹುಳಿ ಬಂದರೆ ನೀಲಿ ಬಿಡುತ್ತದೆ, ಇಲ್ಲದಿದ್ದರೆ ಕೊಳೆತು ಸಾಯುತ್ತದೆ. ಮಸ್ಕತ್ತಿನ ಸೆಕೆಯಲ್ಲಿ ಅವಳ ಎರಡು ಹಂಡೆ ಆಗಲೇ ಸತ್ತಿದ್ದವು. ಮೂರನೆಯದರ ಮುಂದೆ ಅವಳು ಕಾಯಿಲೆಯವರ ಮಂಚದ ಬಳಿ ಕುಳಿತ ಹಾಗೆ ಕುಳಿತಿದ್ದಳು.

ಕಾರ್ಮಿನ್ ಮುಚ್ಚಳ ತೆಗೆದು ನೋಡಿದರೆ ನೀಲಿ ಎಲ್ಲಿದೆ? ಚರಂಡಿಯ ಬಣ್ಣದ ನೀರು. ವಾಸನೆ ಹಟ್ಟಿಯದ್ದು. ಆದರೆ ಆ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಅದು ಆಕೆಗೆ ಗೊತ್ತಿದ್ದದ್ದು. ಕೊಂಕಣಿ ಕ್ರಿಶ್ಚಿಯನರ ಮನೆಯಲ್ಲಿ ಹಬ್ಬಕ್ಕೆ ಇಡ್ಲಿಯಂಥ ಸನ್ನ ಮಾಡಲು ಅಕ್ಕಿ ಹಿಟ್ಟಿಗೆ ಕಳ್ಳು ಹಾಕಿ ಇಡುತ್ತಾರೆ. ಹಿಟ್ಟು ಉಬ್ಬಿತೋ, ಮಿತಿಮೀರಿ ಹುಳಿಯಾಯಿತೋ ಎಂದು ಮೂಗಿನಲ್ಲೇ ತಿಳಿಯದವಳನ್ನು ಅಲ್ಲಿ ಹೆಂಗಸು ಎನ್ನುವುದಿಲ್ಲ. ಕಾರ್ಮಿನ್ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ಉಗಿದಳು.

"ಟೂ ಸವರ್, ಮೇಡಂ. ಸುಣ್ಣ ಕಮ್ಮಿ. ಪುಟ್ ಲೈಮ್. ಲಿಟಲ್, ಲಿಟಲ್."

ಮಿಸೆಸ್ ಕುರಾತಾ ತಾನೂ ಬೆರಳು ಅದ್ದಿ ನೆಕ್ಕಿದಳು. ಅವರ ಊರಿನ ಬಣ್ಣಗಾರರೂ ನಾಲಿಗೆಯಲ್ಲೇ ಪರೀಕ್ಷೆ ಮಾಡುವವರಂತೆ. ವೀಳ್ಯದೆಲೆಗೆ ಹಚ್ಚಿದ ಸುಣ್ಣದ ಹಾಗೆ ನಾಲಿಗೆಗೆ ಚುರುಕ್ಕೆನ್ನುವವರೆಗೆ ಕಾರ್ಮಿನ್ ಸುಣ್ಣ ಹಾಕಿಸಿದಳು. ಮುಂದಿನ ಶುಕ್ರವಾರ ಹೋದಾಗ ಹಂಡೆಯ ಮೇಲೆ ತಾಮ್ರದ ಬಣ್ಣದ ಕೆನೆ ಕಟ್ಟಿ ನಡುವೆ ನೀಲಿ ನೊರೆ ಎದ್ದಿತ್ತು.

ಒಂದು ಲಡಿ ಬಿಳಿ ನೂಲನ್ನು ಅದ್ದಿ ತೆಗೆದಾಗ ಅದು ಹಸಿರಾಗಿ ಬಂತು. ಕೆಟ್ಟಿತು ಎಂದು ಕಾರ್ಮಿನ್ ಬಾಯಿ ತೆರೆಯುವಷ್ಟರಲ್ಲಿ, ಗಾಳಿ ತಗುಲಿದ ಕಡೆಯಿಂದ, ಆಕೆಯ ಕೈಯಲ್ಲೇ, ಆ ನೂಲು ನೀಲಿಯಾಯಿತು. ಆಕೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಾಗೆ ಸಂತೋಷವಾದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಕೋಟು ವಾಪಸು ಮೊದಲಿನಂತಾಗಲು ಒಂದೂವರೆ ವರ್ಷ ಹಿಡಿಯಿತು. ಅದು ಮುಗಿದ ಮೇಲೂ ಕಾರ್ಮಿನ್ ಶುಕ್ರವಾರಗಳನ್ನು ಬಿಡಲಿಲ್ಲ. ವಾಲ್ಟರನ ತೂತು ಬಿದ್ದ ಖಾಕಿ ಅಂಗಿಯನ್ನು ಕತ್ತರಿಸಲು ಹೋದವಳು ಕೈ ತಡೆದು, ತೇಪೆ ಹಾಕಿ, ನೀಲಿಯಲ್ಲಿ ಅದ್ದಿ ತಂದಳು. ಅದನ್ನು ಹಾಕಿಕೊಂಡು ವಾಲ್ಟರ್ ಬಸ್ಸು ಓಡಿಸಿದ. ಅದು ತನ್ನ ಅಂಗಿಗಳಲ್ಲೆಲ್ಲ ಒಳ್ಳೆಯದು ಎಂದು ಅವನು ಹೇಳಿದಾಗ, "ಯಾರಾದರೂ ಕೇಳಿದರೆ ಫಾರಿನ್ ಅನ್ನಿ," ಎಂದಳು.

ತೊಂಬತ್ತೊಂದರ ಜನವರಿಯಲ್ಲಿ ಕುವೈತಿನ ಯುದ್ಧ ಶುರುವಾಗಿ ಜಪಾನಿನ ಕುಟುಂಬಗಳು ಒಂದೊಂದಾಗಿ ವಿಮಾನ ಹತ್ತಿದವು. ಹೋಗುವ ಮುಂಚೆ ಮಿಸೆಸ್ ಕುರಾತಾ ಹಂಡೆಯನ್ನು ಮುಚ್ಚಳ ಬಿಗಿದು ಪಿಕಪ್ಪಿನಲ್ಲಿ ವಾದಿ ಕಬೀರಿಗೆ ಕಳಿಸಿದಳು. ಹೇಳಿದ್ದು ಎರಡೇ ಮಾತು. ದಿನಾ ಕದಡು. ಅದ್ದುವ ಮುಂಚೆ ಹಳೆಯ ಹೊಲಿಗೆ ಬಿಚ್ಚು, ಇಲ್ಲದಿದ್ದರೆ ಮಡಿಕೆಯ ಒಳಗೆ ಬಣ್ಣ ಹೋಗುವುದಿಲ್ಲ.

ಹಂಡೆ ತಾರಸಿಗೆ ಏರಿದ್ದೇ ತಡ, ಕೆಳಗೆ ಎಸ್ತರಳ ಮೂಗು ಎಚ್ಚರಾಯಿತು. ಅವರಿಬ್ಬರ ಜಗಳ ಕೊಂಕಣಿಯಲ್ಲಿ ಶುರುವಾಗಿ, ಕಾವೇರಿದ ಮೇಲೆ ಕನ್ನಡಕ್ಕೆ ಬರುತ್ತಿತ್ತು. ಕಟ್ಟಡದ ಕಾವಲಿನ ಕೊಗ್ಗನಿಗೂ ಮೊದಲ ಮಾಳಿಗೆಯ ತುಳುವರಿಗೂ ಅರ್ಥವಾಗದಿದ್ದರೆ ಜಗಳವಾಡಿ ಏನು ಸುಖ?

"ನಮ್ಮ ಗದ್ದೆ ತಿಂದದ್ದು ಸಾಕಾಗ್ಲಿಲ್ಲ, ಈಗ ಗಾಳಿಯನ್ನೂ ಕೆಡಿಸ್ತೀಯಾ?" ಎಸ್ತರ್ ಮೆಟ್ಟಿಲಲ್ಲಿ ನಿಂತು ಕೇಳಿದಳು. "ಮೇಲೆ ಎಂತ ಹಂದಿ ಸಾಕಿದ್ದಿ ಮಾರಾಯ್ತಿ?"

"ಹಂದಿ ಕೆಳಗೆ ಉಂಟಲ್ಲ, ಮೇಲೆ ಯಾಕೆ ಸಾಕುವುದು?" ಎಂದಳು ಕಾರ್ಮಿನ್.

"ಹಳೇ ಬಟ್ಟೆಗೆ ಬಣ್ಣ ಕೊಡ್ತಿಯಂತೆ. ಕೊಡು, ಕೊಡು. ನಾವು ಕೊಟ್ಟದ್ದೆಲ್ಲ ಮುಗಿಲಿಲ್ವಾ ಇನ್ನೂ? ಮೇಣ ಯಾವತ್ತಿದ್ದರೂ ಮೇಣವೇ."

ಎಸ್ತರ್ ಮಾತಿಗೆ ನಿಲ್ಲಿಸಲಿಲ್ಲ. ಕಟ್ಟಡದ ಮಾಲೀಕರಿಗೆ ಸ್ಟ್ಯಾನ್ಲಿಯಿಂದ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ದೂರು ಕೊಟ್ಟಳು. ಕೆಳಗೆ ಹನ್ನೊಂದು ಸಹಿ. ಏಪ್ರಿಲಿನ ಒಂದು ಗುರುವಾರ ಕೊಗ್ಗ ತಲೆ ಕೆರೆಯುತ್ತ ಮೇಲೆ ಬಂದು, "ಅಕ್ಕಾ, ನಾಳೆ ಮಧ್ಯಾಹ್ನ ಹನ್ನೆರಡರ ಒಳಗೆ ಅದನ್ನು ಚೆಲ್ಲಬೇಕಂತೆ. ಮಾಲೀಕ ಅರಬಾಬರು ಹೇಳಿ ಆಯ್ತು. ನನ್ನ ಕೈಯಲ್ಲಿ ಎಂತ ಇಲ್ಲ," ಎಂದ.

ನಾಲ್ಕು ವರ್ಷ ತವುಡು ಉಣ್ಣಿಸಿ, ಸುಣ್ಣ ನೆಕ್ಕಿ ಸಾಕಿದ ಹಂಡೆ. ಕಾರ್ಮಿನ್ ಅಳಲಿಲ್ಲ. ಶುಕ್ರವಾರ ಬೆಳಿಗ್ಗೆ ವಾಲ್ಟರ್ ಚರ್ಚಿನ ಪೂಜೆಗೆ ಹೋದ ಮೇಲೆ ಟ್ರಂಕಿನ ತಳದಿಂದ ಆ ಫ್ರಾಕನ್ನು ತೆಗೆದಳು. ಹಂಡೆ ಚೆಲ್ಲುವುದಾದರೆ ಅದರ ಕಡೆಯ ಬಣ್ಣ ಇದಕ್ಕೇ ಆಗಲಿ, ಈ ಹಳದಿಯನ್ನು ಈ ಜನ್ಮದಲ್ಲಿ ಇನ್ನು ನೋಡುವುದು ಬೇಡ ಎನಿಸಿತು.

ಮೂವತ್ತೇಳು ವರ್ಷದಲ್ಲಿ ಹಳದಿಯೂ ಉಳಿದಿರಲಿಲ್ಲ. ಇಡೀ ಫ್ರಾಕು ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಯಾವುದು ಬಟ್ಟೆ, ಯಾವುದು ಕಲೆ ಎಂದು ಗುರುತೇ ಸಿಗದು. ಹೇಳಿಕೊಟ್ಟ ಹಾಗೆ ಕಾರ್ಮಿನ್ ಮೊದಲು ಅಂಚನ್ನು ಬಿಚ್ಚಲು ಕುಳಿತಳು. ಸಣ್ಣ ಸಣ್ಣ ಹೊಲಿಗೆ, ಪ್ರತಿ ಹತ್ತನೆಯದಕ್ಕೆ ಒಂದು ಗಂಟು. ಅಮ್ಮನ ಕೈ. ಬೇರೆಯವರ ಅಜ್ಜಿಯ ಸೂಜಿಯ ತೂತು ಹುಡುಕಿದವಳಿಗೆ ಇದು ತಿಳಿಯದೇ? ನಾಲ್ಕು ಬೆರಳ ಮಡಿಕೆ ಬಿಚ್ಚಿಕೊಂಡು ಲಂಗ ಉದ್ದವಾಯಿತು. ಮಡಿಕೆಯ ಗೆರೆ ಮಾತ್ರ ಹಾಗೇ ಉಳಿಯಿತು.

ಮೂರು ಸಲ ಅದ್ದಿ, ಮೂರು ಸಲ ಗಾಳಿಗೆ ಹಿಡಿದಳು. ಬಟ್ಟೆ ಹಸಿರಾಗಿ, ನೀಲಿಯಾಗಿ, ಕಪ್ಪು ನೀಲಿಯಾಯಿತು. ಮೇಣ ಇದ್ದ ಕಡೆ ಮಾತ್ರ ಬಣ್ಣ ಹಿಡಿಯಲಿಲ್ಲ. ಅವತ್ತು ಮಳೆಯಲ್ಲಿ ಬರೀ ಪಟ್ಟೆಯಾಗಿ ಕಂಡದ್ದು ಈಗ ಸ್ಪಷ್ಟವಾಗಿ ಒಂದು ಕೈ. ನಾಲ್ಕು ಬೆರಳು ಮಡಿಕೆಯ ಗೆರೆಯಿಂದ ಮೇಲಕ್ಕೆ. ಅಂಗೈಯೂ ಹೆಬ್ಬೆರಳೂ ಗೆರೆಯಿಂದ ಕೆಳಕ್ಕೆ, ಮಡಚಿದ ಭಾಗದ ಒಳಗೆ. ಹಲಸು ಬಿಡಿಸಿದ ಯಾವುದೋ ಮಗು ಕೈಯನ್ನು ಲಂಗಕ್ಕೆ ಒತ್ತಿ ಒರೆಸಿಕೊಂಡಿತ್ತು.

ಕಾರ್ಮಿನ್ ಅದನ್ನು ನೋಡುತ್ತಲೇ ಇದ್ದಳು. ಅಂಗೈ ಗುರುತು ಹೊಲಿಗೆಯ ಒಳಗಡೆ ಇದ್ದರೆ, ಹೊಲಿಯುವ ಮುಂಚೆಯೇ ಮೇಣ ಆಗಿತ್ತು ಎಂದಾಯಿತು. ಫ್ರಾಕು ತನ್ನ ಮೈ ಮುಟ್ಟುವ ಮುಂಚೆ. ಬರುವಾಗಲೇ ಇತ್ತು, ಬರುವಾಗಲೇ ಇತ್ತು! ಮೂವತ್ತೇಳು ವರ್ಷ ಕಾದ ಸಾಕ್ಷಿ ಕೈಯಲ್ಲಿತ್ತು. ಆಕೆ ಒದ್ದೆ ಫ್ರಾಕನ್ನು ಹಿಡಿದು, ಚಪ್ಪಲಿಯನ್ನೂ ಹಾಕದೆ, ಮೆಟ್ಟಿಲಿನ ಉದ್ದಕ್ಕೂ ನೀಲಿ ಹನಿ ಬೀಳಿಸುತ್ತ ಇಳಿದಳು.

ಎಸ್ತರಳ ಮನೆಯಲ್ಲಿ, ಚರ್ಚಿನಿಂದ ಪೂಜೆ ಮುಗಿಸಿ ಬಂದ ನಾಲ್ಕೈದು ಹೆಂಗಸರು ಚಹಾ ಕುಡಿಯುತ್ತಿದ್ದರು. ಅವರೆಲ್ಲರ ಎದುರಿಗೇ ಕಾರ್ಮಿನ್ ಫ್ರಾಕನ್ನು ಬಿಡಿಸಿ ಹಿಡಿದಳು.

"ನೋಡು. ಇದು ಯಾರ ಕೈ? ಮಡಚಿದ ಒಳಗೆ ಉಂಟು. ನಾನು ಹಾಕುವ ಮೊದಲೇ ಆದದ್ದು. ಈಗ ಹೇಳು, ಎಲ್ಲರ ಎದುರು ಹೇಳು, ಯಾರು ಮೇಣ?"

ಎಸ್ತರ್ ಬಸಿಯನ್ನು ಕೆಳಗಿಟ್ಟು, ಎದ್ದು ಬಂದು, ಬಟ್ಟೆಯನ್ನು ನೋಡಿದಳು. ಅವಳಿಗೆ ಐವತ್ತು ಹತ್ತಿರವಾಗಿತ್ತು, ಕೆನ್ನೆ ಜೋತಿತ್ತು. ಆದರೂ ಅವಳು ತಲೆ ತಗ್ಗಿಸಲಿಲ್ಲ.

"ನನ್ನದೇ ಕೈ," ಎಂದಳು. "ಕೊಟ್ಟಿಗೆಯ ಹಿಂದೆ ಹಲಸು ಕದ್ದು ತಿಂದದ್ದು. ಅಪ್ಪನಿಗೆ ತಿಳಿದಿದ್ದರೆ ನನ್ನ ಚರ್ಮ ಸುಲೀತಿದ್ರು. ಅದಕ್ಕೇ ಅಮ್ಮ ಆ ಫ್ರಾಕು ಮನೆಯಿಂದಲೇ ಹೊರಗೆ ಕಳಿಸಿದ್ದು. ಚರ್ಚಿನಲ್ಲಿ ಅಪ್ಪ ಪಕ್ಕದಲ್ಲೇ ಇದ್ರು, ಮೇಣ ಕಂಡಿತು, ನಾನು ಕೂಗಿದೆ. ಹನ್ನೆರಡು ವರ್ಷ ನನಗೆ. ಈಗ ಎಂತ ಮಾಡ್ತಿ?"

ಹೆಂಗಸರು ಬಸಿ ಹಿಡಿದಲ್ಲೇ ಕುಳಿತರು. ಕಾರ್ಮಿನಳ ಬಾಯಲ್ಲಿ ಮುಂದಿನ ಮಾತು ಸಿದ್ಧವಾಗಿತ್ತು, ಆದರೆ ಎಸ್ತರ್ ಬಿಡಲಿಲ್ಲ.

"ನಿಲ್ಲು, ಪೂರ್ತಿ ಕೇಳಿ ಹೋಗು. ಆ ಅಂಚು ಮಡಚಿದ್ದು ಯಾರು?"

"ನನ್ನ ಅಮ್ಮ."

"ಎಲ್ಲಿ ಕೂತು? ನಮ್ಮ ಹಿತ್ತಿಲ ಜಗಲಿಯಲ್ಲಿ. ನೂಲು ತಂದುಕೊಟ್ಟವಳು ನಾನು. ನಿನ್ನ ಅಮ್ಮನಿಗೆ ಕಣ್ಣಿರಲಿಲ್ವಾ? ಎಣ್ಣೆ ಹಾಕಿ ಉಜ್ಜಿದ್ದೂ ಅವಳೇ. ‘ಬಾಯೀ, ನಾಲ್ಕು ಬೆರಳು ಮಡಚಿದ್ರೆ ಹೆಚ್ಚು ಕಾಣುವುದಿಲ್ಲ’ ಅಂತ ನನ್ನ ಅಮ್ಮನಿಗೆ ಹೇಳಿದ್ದೂ ಅವಳೇ. ನಾನು ಸುಳ್ಳು ಹೇಳಿದೆ, ಹೌದು. ಆದ್ರೆ ಸತ್ಯ ಗೊತ್ತಿದ್ದೂ ನಿನ್ನನ್ನು ಹೊಡೆದದ್ದು ನಾನಲ್ಲ."

ಫ್ರಾಕಿನಿಂದ ಎಸ್ತರಳ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಒಬ್ಬಳು ಕುರ್ಚಿ ಎಳೆದು ಕುಳಿತುಕೋ ಎಂದಳು. ಅದನ್ನು ಕಿವಿಗೆ ಹಾಕಿಕೊಳ್ಳದೆ ಕಾರ್ಮಿನ್ ಮೆಟ್ಟಿಲು ಹತ್ತಿದಳು.

ಮೇಲೆ ಬಂದು ಹಂಡೆಯ ಪಕ್ಕದಲ್ಲಿ ಕುಳಿತು ಮಡಿಕೆಯ ಗೆರೆಯನ್ನು ಬೆರಳಲ್ಲಿ ಸವರಿದಳು. ಪ್ರತಿ ಹತ್ತನೆಯದಕ್ಕೆ ಒಂದು ಗಂಟು. ಈ ಒಂದೊಂದು ಗಂಟು ಹಾಕುವಾಗಲೂ ಅಮ್ಮನ ಕಣ್ಣ ಮುಂದೆ ಆ ಅಂಗೈ ಇತ್ತು. ಹದಿನೈದು ದಿನದ ಮೇಲೆ, ಗಂಟು ಹಾಕಿದ ಅದೇ ಕೈ ಕೊಡೆ ಎತ್ತಿತು. ಧಣಿಗಳ ಗದ್ದೆ, ಧಣಿಗಳ ಮನೆ, ಬೇಡ ಎಂದರೆ ನಾಳೆಯೇ ಎದ್ದು ಹೋಗಬೇಕಾದ ಬದುಕು. ಇದೆಲ್ಲ ಕಾರ್ಮಿನಳಿಗೆ ತಿಳಿಯುತ್ತಿರಲಿಲ್ಲ ಎಂದಲ್ಲ. ತಿಳಿದರೂ ಬೆನ್ನು ಒಪ್ಪಲಿಲ್ಲ. ಇಷ್ಟು ವರ್ಷ ಎಸ್ತರಳನ್ನು ದ್ವೇಷಿಸಿಕೊಂಡು ನೆಟ್ಟಗೆ ನಿಂತಿದ್ದವಳಿಗೆ ಈಗ ಸತ್ತವಳನ್ನು ದ್ವೇಷಿಸಬೇಕಾಗಿತ್ತು. ಸತ್ತವಳೋ, ಆ ಫ್ರಾಕನ್ನು ಮದುವೆಯ ಸೀರೆಯ ಅಡಿಯಲ್ಲಿ ಕಾಗದ ಸುತ್ತಿ ಇಟ್ಟುಕೊಂಡಿದ್ದಳು. "ಅಮ್ಮಾ, ಒಂದು ಸಲ ಹೇಳಬಹುದಿತ್ತಲ್ಲ," ಎಂದು ಕಾರ್ಮಿನ್ ಗಟ್ಟಿಯಾಗಿಯೇ ಹೇಳಿ, ಮೊಣಕಾಲಿಗೆ ಮುಖ ಒತ್ತಿ ಅತ್ತಳು.

ಹನ್ನೆರಡಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಕೊಗ್ಗ ಕೆಳಗಿನಿಂದ ಕೂಗಿದ. "ಅಕ್ಕಾ, ಟೈಮಾಯ್ತು! ಚೆಲ್ಲಿದ್ರಾ?"

"ಚೆಲ್ಲುತ್ತೇನೆ," ಎಂದು ಆಕೆ ಎದ್ದಳು.

ತಾರಸಿಯ ಕಟ್ಟೆಯಿಂದ ಬಗ್ಗಿ ನೋಡಿದಳು. ಕೆಳಗೆ ಎಸ್ತರಳ ಬಾಲ್ಕನಿ. ಹಗ್ಗದ ಮೇಲೆ ಗಂಜಿ ಹಾಕಿ ಒಣಗಿಸಿದ ನಾಲ್ಕು ಬಿಳಿ ಮಂಚದ ಹೊದಿಕೆ, ಊರಿನ ಹತ್ತಿಯವು. ಕಾರ್ಮಿನ್ ಹಂಡೆಯನ್ನು ತಬ್ಬಿ, ಉರುಳಿಸುತ್ತ, ಕಟ್ಟೆಯ ಬಳಿಗೆ ತಂದಳು. ಅರ್ಧವನ್ನು ಚೊಂಬಿನಲ್ಲಿ ಎತ್ತಿ ಎತ್ತಿ ಸುರಿದಳು. ಹಂಡೆ ಹಗುರಾದ ಮೇಲೆ ಉಳಿದರ್ಧವನ್ನು ಎರಡೂ ಕೈಯಲ್ಲಿ ಎತ್ತಿ ಒಮ್ಮೆಗೇ ಮಗುಚಿದಳು. ಕಂದು ನೀರು ಗೋಡೆಯ ಉದ್ದಕ್ಕೂ ಇಳಿದು, ಹೊದಿಕೆಗಳ ಮೇಲೆ ದಬದಬನೆ ಬಿದ್ದಿತು. ಮೊದಲು ಹೊಲಸು. ಆಮೇಲೆ ಹಸಿರು. ಅಷ್ಟರಲ್ಲಿ ಎಸ್ತರ್, ಅವಳ ಹಿಂದೆ ಚಹಾದ ಹೆಂಗಸರು, ಬಾಲ್ಕನಿಗೆ ಬಂದು ಬಾಯಿ ಬಿಟ್ಟು ನಿಂತರು. ಅವರು ನೋಡುತ್ತಿದ್ದಂತೆಯೇ ಗೋಡೆಯೂ ಹೊದಿಕೆಯೂ ನೀಲಿಯಾದವು.

ಆ ನೀಲಿ ಗೋಡೆಯ ದೆಸೆಯಿಂದಲೇ ಕಾರ್ಮಿನ್ ಮತ್ತು ವಾಲ್ಟರ್ ಆ ತಿಂಗಳು ಕೋಣೆ ಖಾಲಿ ಮಾಡಿ ಮಬೇಲಾಕ್ಕೆ ಹೋಗಬೇಕಾಯಿತು. ಅಲ್ಲಿ ಹೊಸ ಹಂಡೆ ಕಟ್ಟಲು ಆಕೆಗೆ ಎರಡು ವರ್ಷ ಹಿಡಿಯಿತು, ಎಲೆಯ ಬದಲು ಮತ್ರಾದ ಸಂಬಾರ ಅಂಗಡಿಯ ನೀಲಿ ಗಟ್ಟಿಯನ್ನು ನಂಬಬೇಕಾಯಿತು. ಅಂಗಡಿಯ ಗೋಡೆಗೆ, ಹೊಲಿಗೆ ಮೆಷೀನಿನ ಮೇಲೆ, ಕೈ ಗುರುತಿನ ಒಂದು ಮಕ್ಕಳ ಫ್ರಾಕು ತೂಗುತ್ತಿತ್ತು. ಅಂಚು ಮಡಚಿರಲಿಲ್ಲ. ಅದನ್ನು ಕೊಳ್ಳುತ್ತೇವೆ ಎಂದವರೂ ಬೈಸಿಕೊಂಡೇ ಹೋದರು.

ಅದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಕೊಗ್ಗ ಅಂಗಳದ ನಡುವೆ ನಿಂತು, ಗೋಡೆಯನ್ನೂ ಹೊದಿಕೆಗಳನ್ನೂ ನೋಡಿ, ತಲೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ ದೇವರೇ, ಇದು ಯಾರು ಮಾಡಿದ್ದು?" ಎಂದು ಕೂಗಿದ. ಪ್ರತಿ ಬಾಗಿಲಲ್ಲೂ ಒಂದು ತಲೆ ಇಣುಕಿತ್ತು.

ತಾರಸಿಯ ಕಟ್ಟೆಗೆ ಎರಡೂ ನೀಲಿ ಕೈಗಳನ್ನು ಊರಿ ಕಾರ್ಮಿನ್ ಕೆಳಗೆ ಬಗ್ಗಿದಳು. "ನಾನೇ," ಎಂದಳು. "ಈ ಸಲ ನಾನೇ."